ಕರಟದ ಕುದುರೆ

ಅಣ್ಣನ ಮಗಳ ಶಾಲೆಯಲ್ಲಿ ವಾರ್ಷಿಕೋತ್ಸವ ಇತ್ತು. ಅವಳ ಕ್ಲಾಸಿನವರು ಕಿತ್ತೂರು ಚೆನ್ನಮ್ಮನ ನಾಟಕ ಆಡುವವರಿದ್ದರು. ಇವಳಿಗೆ ಪಾತ್ರ ಸಿಕ್ಕಿರಲಿಲ್ಲ. ಎರಡು ದಿನ ಮುಖ ಊದಿಸಿಕೊಂಡು ತಿರುಗಿದ ಮೇಲೆ ಟೀಚರ್ ಒಂದು ಕೆಲಸ ಕೊಟ್ಟರಂತೆ. ಪರದೆಯ ಹಿಂದೆ ನಿಂತು ಚೆನ್ನಮ್ಮನ ಕುದುರೆಯ ಸದ್ದು ಮಾಡುವುದು.

"ಅತ್ತೆ, ಕುದುರೆ ಹೇಗೆ ಓಡುತ್ತೆ?" ಅಂದಳು.

ನಾನು ಆಗ ರಜೆ ಹಾಕಿ ಸಾಗರದ ಹತ್ತಿರದ ನಮ್ಮೂರ ಮನೆಗೆ ಬಂದಿದ್ದೆ. ಮೊಬೈಲ್ ತೆಗೆದು ಹುಡುಕಿದೆ. ಎರಡು ತೆಂಗಿನ ಕರಟ ಸಾಕು ಅಂತ ಗೊತ್ತಾಯಿತು. ಕರಟಕ್ಕೆ ನಮ್ಮನೆಯಲ್ಲಿ ಬರವೇ? ದಿನಾ ಬೆಳಗ್ಗೆ ಕಾಯಿ ತುರಿದು ಕರಟವನ್ನು ಬಚ್ಚಲ ಒಲೆಯ ಪಕ್ಕಕ್ಕೆ ಎಸೆಯುವ ಮನೆ ಅದು. ಎರಡು ಒಳ್ಳೆಯ ಕರಟ ಆರಿಸಿ ಕೆರೆದು ಚೊಕ್ಕ ಮಾಡಿದೆವು. ಹಳೇ ಪರಾತಕ್ಕೆ ಸಣ್ಣ ಜಲ್ಲಿ ಸುರಿದು ಅದರ ಮೇಲೆ ಕರಟ ಕುಟ್ಟಿದೆವು. ಮೊದಲಿಗೆ ಅದು ಕುದುರೆಯಲ್ಲ, ಯಾರೋ ಕಾಫಿ ಬೀಜ ಜಜ್ಜುತ್ತಿರುವ ಹಾಗೆ ಕೇಳಿತು. ಆಮೇಲೆ ಹುಡುಗಿಗೆ ಲಯ ಸಿಕ್ಕಿತು. ಕಣ್ಣು ಮುಚ್ಚಿದರೆ ಅಂಗಳದಲ್ಲಿ ಕುದುರೆ!

ಆ ರಾತ್ರಿ ನನಗೆ ಸುಮ್ನೆ ಒಂದು ಕುತೂಹಲ. ಈ ಕರಟದ ಉಪಾಯ ಯಾರದು? ಹುಡುಕುತ್ತಾ ಹೋದರೆ ನಾಟಕದವರು ಬಹಳ ಹಿಂದಿನಿಂದ ಮಾಡುತ್ತಿದ್ದದ್ದೇ ಅದು. ಆದರೆ ಕೋಟಿಗಟ್ಟಲೆ ಮಕ್ಕಳ ಕಿವಿಯೊಳಗೆ ಅದನ್ನು ಓಡಿಸಿದ್ದು ಅಮೆರಿಕದ ರೇಡಿಯೋ. ಅಲ್ಲಿ 1930 ಮತ್ತು 40ರ ದಶಕದಲ್ಲಿ ಸಂಜೆಯಾದರೆ ಮಕ್ಕಳಿಗಾಗಿ ಪಡುವಣ ಗಡಿಯ, ಅಂದರೆ ಬಿಳಿಯರು ಪಶ್ಚಿಮಕ್ಕೆ ಹೊಸದಾಗಿ ನೆಲೆಸುತ್ತಾ ಹೋದ ಸೀಮೆಯ, ಸಾಹಸದ ಕಥೆಗಳು ಬರುತ್ತಿದ್ದವು. ದರೋಡೆಕೋರರು, ಚಿನ್ನದ ಗಣಿ, ಕುದುರೆ, ಹಿಮ, ನಾಯಿ. ಅವುಗಳ ಹಳೆಯ ರೆಕಾರ್ಡಿಂಗ್ ಸಾವಿರಗಟ್ಟಲೆ ಇಂಟರ್ನೆಟ್ಟಿನಲ್ಲಿ ಬಿದ್ದಿವೆ. ಒಂದು ಕೇಳಿದೆ, ಇನ್ನೊಂದು ಕೇಳಿದೆ. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಬಿಡಲಿಲ್ಲ. ಬಸ್ಸಿನಲ್ಲಿ, ಬಟ್ಟೆ ಮಡಚುವಾಗ, ನಿದ್ದೆ ಬಾರದಾಗ ಕೇಳಿದ್ದೇ ಕೇಳಿದ್ದು.

ಇವುಗಳಲ್ಲಿ ದೊಡ್ಡ ಹೆಸರು 'ದಿ ಲೋನ್ ರೇಂಜರ್'. ಈ ಹೆಸರು ಕೇಳಿದಾಗಲೆಲ್ಲ ನನಗೆ ನಗು. ನಮ್ಮ ಕಡೆ ರೇಂಜರ್ ಅಂದರೆ ಅರಣ್ಯ ಇಲಾಖೆಯ ಸಾಹೇಬರು. ಬೆಟ್ಟದಿಂದ ಕಟ್ಟಿಗೆ ತರುವಾಗ ಎದುರು ಸಿಗಬಾರದವರು. ಅಲ್ಲಿಯ ರೇಂಜರ್ ಬೇರೆ. ಟೆಕ್ಸಾಸ್ ರೇಂಜರ್ಸ್ ಎಂಬ ಸವಾರರ ಪಡೆಯವನು. ಆರು ಜನ ರೇಂಜರುಗಳ ಮೇಲೆ ದರೋಡೆಕೋರರು ಹೊಂಚು ಹಾಕಿ ಗುಂಡು ಹಾರಿಸುತ್ತಾರೆ. ಐವರು ಸಾಯುತ್ತಾರೆ, ಒಬ್ಬ ಉಳಿಯುತ್ತಾನೆ. ತಾನೂ ಸತ್ತೆ ಎಂದು ಲೋಕ ನಂಬಲಿ ಅಂತ ಆರನೇ ಗೋರಿಯನ್ನೂ ತೋಡಿಸಿ, ಮುಖವಾಡ ಹಾಕಿಕೊಂಡು, ಬಿಳಿ ಕುದುರೆ ಹತ್ತಿ ಅನ್ಯಾಯ ತಡೆಯಲು ಹೊರಡುತ್ತಾನೆ. ಈ ಕಥೆ ಮೊದಲ ದಿನದಿಂದ ಇರಲಿಲ್ಲ. ಮನುಷ್ಯ ಮೊದಲು ಬಂದ, ಅವನ ಹುಟ್ಟಿನ ಕಥೆ ಆಮೇಲೆ ಬಂತು. ನಮ್ಮ ಊರ ದೇವರುಗಳ ಸ್ಥಳಪುರಾಣದ ಹಾಗೆ.

ಇದನ್ನೆಲ್ಲ ಕಟ್ಟಿದವರು ಕುದುರೆ ಮೇಲೆ ಓಡಾಡುವ ಜನ ಅಲ್ಲ. ಅದು ಡೆಟ್ರಾಯಿಟ್, ಕಾರು ತಯಾರಿಸುವ ಊರು. ಅಲ್ಲಿಯ ಡಬ್ಲ್ಯುಎಕ್ಸ್‌ವೈಝಡ್ ಎಂಬ ರೇಡಿಯೋ ಸ್ಟೇಷನ್ನಿನ ಮಾಲೀಕ ಜಾರ್ಜ್ ಟ್ರೆಂಡಲ್ ಮೊದಲು ಸಿನಿಮಾ ಟಾಕೀಸು ನಡೆಸುತ್ತಿದ್ದವರು. 1932ರಲ್ಲಿ ದೊಡ್ಡ ರೇಡಿಯೋ ಜಾಲದ ನಂಟು ಬಿಟ್ಟುಕೊಟ್ಟಿದ್ದರು. ಹಾಗಾಗಿ ಕಾರ್ಯಕ್ರಮಗಳನ್ನು ತಾವೇ ಹುಟ್ಟಿಸಬೇಕಿತ್ತು, ಅದೂ ಕಡಿಮೆ ಖರ್ಚಿನಲ್ಲಿ. ಮಕ್ಕಳಿಗಾಗಿ ಒಂದು ಕಥೆ ಬೇಕು ಅಂದರು. ಬಫಲೊ ಊರಲ್ಲಿ ಕೂತು ರೇಡಿಯೋ ನಾಟಕ ಬರೆಯುತ್ತಿದ್ದ ಫ್ರಾನ್ ಸ್ಟ್ರೈಕರ್ ಬರೆದುಕೊಟ್ಟರು. 1933ರ ಜನವರಿ ಕೊನೆಗೆ ಪ್ರಸಾರ ಶುರುವಾಯಿತು. ಎರಡು ವಾರ ಕಳೆಯುವಷ್ಟರಲ್ಲಿ, ಫೆಬ್ರವರಿ 14ಕ್ಕೆ, ಮಿಶಿಗನ್ ರಾಜ್ಯದ ಗವರ್ನರ್ ಇಡೀ ರಾಜ್ಯದ ಬ್ಯಾಂಕುಗಳನ್ನೇ ಮುಚ್ಚಿಸಿಬಿಟ್ಟರು. ಆರ್ಥಿಕ ಕುಸಿತದ ಕಾಲ. ಅಪ್ಪಂದಿರಿಗೆ ಕೆಲಸವಿಲ್ಲ, ಇದ್ದ ದುಡ್ಡು ಬ್ಯಾಂಕಿನಿಂದ ಹೊರಗೆ ಬರುವುದಿಲ್ಲ. ಅಂಥ ಸಂಜೆಗಳಲ್ಲಿ ಕಾಸು ಖರ್ಚಿಲ್ಲದೆ ಮನೆಗೆ ಬರುತ್ತಿದ್ದದ್ದು ಈ ಕುದುರೆಯೊಂದೇ.

ಆ ವರ್ಷ ಮೇ ತಿಂಗಳಲ್ಲಿ ಟ್ರೆಂಡಲ್‌ಗೆ ಒಂದು ಪರೀಕ್ಷೆ ಮಾಡುವ ಮನಸ್ಸಾಯಿತು. ಮೊದಲು ಪತ್ರ ಬರೆಯುವ 300 ಮಕ್ಕಳಿಗೆ ಆಟದ ಬಂದೂಕು ಕೊಡುತ್ತೇವೆ ಎಂದು ರೇಡಿಯೋದಲ್ಲಿ ಹೇಳಿಸಿದರು. ಬಂದ ಪತ್ರ 24,905.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಲೆಕ್ಕ ಅಲ್ಲ. ಮುಖವಾಡ. ರೇಡಿಯೋದಲ್ಲಿ ಮುಖವಾಡ! ಯಾರಿಗೂ ಕಾಣದ ಮುಖಕ್ಕೆ ಯಾರಿಗೂ ಕಾಣದ ಮುಖವಾಡ. ಕುದುರೆಯೂ ಅಷ್ಟೇ, ಅಪ್ಪಟ ಬಿಳಿ, ಬೆಳ್ಳಿಯ ಹಾಗೆ ಹೊಳೆಯುವುದು, ಅದಕ್ಕೇ ಸಿಲ್ವರ್ ಅಂತ ಹೆಸರು. ಗುಂಡು ಕೂಡ ಬೆಳ್ಳಿಯದು. ಕಣ್ಣಿಗೆ ಏನೇನು ಬೇಕೋ ಅದನ್ನೆಲ್ಲ ತುಂಬಿದ್ದಾರೆ, ಕಣ್ಣನ್ನೊಂದು ಬಿಟ್ಟು.

ಇದು ನನಗೆ ವಿಚಿತ್ರ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಅಲ್ಲಿ ವೇಷ ಇಲ್ಲ, ಕಿರೀಟ ಇಲ್ಲ, ಕುಣಿತ ಇಲ್ಲ. ಬಿಳಿ ಪಂಚೆ ಉಟ್ಟು ಶಾಲು ಹೊದ್ದ ನಾಲ್ಕು ಜನ ಎದುರುಬದುರು ಕೂತಿರುತ್ತಾರೆ. ಭಾಗವತರು ಪದ ಹೇಳುತ್ತಾರೆ, ಇವರು ಅರ್ಥ ಹೇಳುತ್ತಾರೆ. ಚಿಕ್ಕವಳಿದ್ದಾಗ ಒಮ್ಮೆ ಬೋಳುತಲೆಯ, ಹಲ್ಲು ಅಲ್ಲಾಡುವ ವಯಸ್ಸಿನ ಒಬ್ಬರು ಅಭಿಮನ್ಯು ಆಗಿದ್ದನ್ನು ಕಂಡಿದ್ದೆ. ಹದಿನಾರರ ಹುಡುಗ ಚಕ್ರವ್ಯೂಹದಲ್ಲಿ ಸಿಕ್ಕಿಬಿದ್ದಾಗ ನಮ್ಮ ಸಾಲಿನಲ್ಲಿ ಕೂತ ಹೆಂಗಸರೆಲ್ಲ ಸೆರಗಲ್ಲಿ ಮೂಗು ಒರೆಸಿಕೊಂಡರು. ಅವರ ಬೋಳುತಲೆ ಯಾರಿಗೂ ಕಾಣಲಿಲ್ಲ.

ಡೆಟ್ರಾಯಿಟ್ಟಿನಲ್ಲೂ ಅಂಥ ಒಬ್ಬರಿದ್ದರು. ಜಾನ್ ಟಾಡ್ ಅಂತ. ಷೇಕ್ಸ್‌ಪಿಯರ್ ನಾಟಕಗಳಲ್ಲಿ ಪಳಗಿದ, ಬೋಳುತಲೆಯ ಹಿರಿಯ ನಟ. ಅವರು ಆಡಿದ್ದು ಟೊಂಟೊ ಎಂಬ ಪಾತ್ರ. ರೇಂಜರನ ಜೊತೆಗಾರ, ಅಲ್ಲಿಯ ಮೂಲನಿವಾಸಿ, ಗಟ್ಟಿಮುಟ್ಟಾದ ಸವಾರ. ಕಾರ್ಯಕ್ರಮ ನಿಲ್ಲುವ ಹೊತ್ತಿಗೆ ಟಾಡ್ ಅವರಿಗೆ 70 ದಾಟಿತ್ತು. ಮೈಕಿನ ಮುಂದೆ ಹಾಳೆ ಹಿಡಿದು ನಿಂತ ಅಜ್ಜನೇ ಕೇಳುವವರ ತಲೆಯಲ್ಲಿ ಬಂಡೆಯಿಂದ ಬಂಡೆಗೆ ಹಾರುತ್ತಿದ್ದ.

ಟೊಂಟೊ ಹುಟ್ಟಿದ ಕಾರಣವೇ ಮಜವಾಗಿದೆ. ಮೊದಲ ಹತ್ತು ಕಂತುಗಳಲ್ಲಿ ಅವನಿಲ್ಲ. ರೇಂಜರ್ ನಿಜವಾಗಿಯೂ ಒಂಟಿ. ಅಲ್ಲೇ ಬಂತು ತೊಂದರೆ. ಒಂಟಿಯಾಗಿ ಹೋಗುವವನು ಮಾತಾಡುವುದಿಲ್ಲ. ಮಾತಾಡದವನು ರೇಡಿಯೋದಲ್ಲಿ ಇಲ್ಲ. ಅವನು ದೂರದ ಗುಡ್ಡದಲ್ಲಿ ಹೊಗೆ ನೋಡಿದ ಅಂತಿಟ್ಟುಕೊಳ್ಳಿ. ಸಿನಿಮಾ ಆದರೆ ಹೊಗೆ ತೋರಿಸಿದರೆ ಆಯಿತು. ಇಲ್ಲಿ ಯಾರಿಗೆ ಹೇಳಬೇಕು? "ಅಗೋ, ಹೊಗೆ" ಅಂತ ತನಗೆ ತಾನೇ ಹೇಳಿಕೊಂಡರೆ ಹುಚ್ಚ ಅನ್ನಿಸುತ್ತಾನೆ. ಅದಕ್ಕೇ 11ನೇ ಕಂತಿನಲ್ಲಿ ಕಿವಿ ಒಂದನ್ನು ತಂದು ಕೂರಿಸಿದರು. ಆ ಕಿವಿಯ ಹೆಸರು ಟೊಂಟೊ.

ನಮ್ಮ ಯಕ್ಷಗಾನದ ಆಟದಲ್ಲಿ ಈ ಕೆಲಸ ಭಾಗವತರದ್ದು. ರಾಜ ರಂಗಕ್ಕೆ ಬರುತ್ತಾನೆ. ಅವನು ಯಾರು, ಯಾಕೆ ಬಂದ ಅಂತ ನಮಗೆ ಗೊತ್ತಾಗಬೇಕಲ್ಲ? ಭಾಗವತರು "ತಾವು ಯಾರು, ಎಲ್ಲಿಂದ ಬಂದಿರಿ" ಅಂತ ಕೇಳುತ್ತಾರೆ, ಅವನು ಊರು ಕೇರಿ ವಂಶ ಎಲ್ಲ ಒಪ್ಪಿಸುತ್ತಾನೆ. ಅರಸನಾದರೂ ತನ್ನ ಹಿರಿಮೆ ಹೇಳಿಕೊಳ್ಳಲು ಕೇಳುವವನೊಬ್ಬ ಬೇಕು. ಆದರೆ ನಮ್ಮಲ್ಲಿ ಭಾಗವತರು ಮೇಳದ ಯಜಮಾನರಂತೆ ನಡುವೆ ಕೂತಿರುತ್ತಾರೆ. ಅವರಿಗೆ ಎದುರಾಡುವವರಿಲ್ಲ. ಟೊಂಟೊನ ಪಾಡು ಹಾಗಲ್ಲ.

ರೇಂಜರನಿಗೆ ಕೆಲವು ನಿಯಮ ಇದ್ದವು. ಬರೆಯುವವರು ಪಾಲಿಸಲೇಬೇಕಾದವು. ಅವನು ಕುಡಿಯುವಂತಿಲ್ಲ, ಸೇದುವಂತಿಲ್ಲ. ಕೊಲ್ಲಲೆಂದು ಗುಂಡು ಹಾರಿಸುವಂತಿಲ್ಲ, ಎದುರಿನವನ ಕೈಯಿಂದ ಪಿಸ್ತೂಲು ಬೀಳಿಸುವಷ್ಟೇ. ಜೊತೆಗೆ ಇನ್ನೊಂದು ನಿಯಮ: ಅವನ ಇಂಗ್ಲಿಷಿನಲ್ಲಿ ಒಂದು ವ್ಯಾಕರಣ ತಪ್ಪೂ ಇರಕೂಡದು. ಮೇಷ್ಟ್ರ ಹಾಗೆ ಮಾತಾಡಬೇಕು. ಅದೇ ಹಾಳೆಯಲ್ಲಿ, ಅದೇ ಟೈಪ್‌ರೈಟರಿನಲ್ಲಿ, ಅದೇ ಮನುಷ್ಯ ಟೊಂಟೊನ ಮಾತು ಬರೆಯುವಾಗ 'ಐ' ಅನ್ನಬೇಕಾದಲ್ಲಿ 'ಮೀ' ಅಂತ ಬರೆಯುತ್ತಿದ್ದ. ಷೇಕ್ಸ್‌ಪಿಯರನ ಸಾಲುಗಳನ್ನು ಬಾಯಿಪಾಠ ಮಾಡಿದ್ದ ಜಾನ್ ಟಾಡ್ ಇಪ್ಪತ್ತೊಂದು ವರ್ಷ ಆ ಮುರುಕು ಇಂಗ್ಲಿಷ್ ಆಡಿದರು. ಹೆಸರಾದರೂ ಎಂಥದ್ದು? ಸ್ಪ್ಯಾನಿಶ್ ಭಾಷೆಯಲ್ಲಿ 'ಟೊಂಟೊ' ಅಂದರೆ ದಡ್ಡ.

ಅಮೆರಿಕದವರನ್ನು ಬೈಯುವುದು ಸುಲಭ. ನಮ್ಮ ಹಳೆಯ ಸಿನಿಮಾ, ನಾಟಕಗಳಲ್ಲಿ ಕಾಡಿನವರ ಪಾತ್ರ ಬಂದರೆ ಅವರ ಬಾಯಿಗೆ ನಾವು ಎಂಥ ಕನ್ನಡ ಹಾಕಿದ್ದೇವೆ ನೆನಪು ಮಾಡಿಕೊಳ್ಳಿ. ಯಾವ ಕಾಡಿನಲ್ಲೂ ಯಾರೂ ಆಡದ ಕನ್ನಡ.

ಟೊಂಟೊ ರೇಂಜರನನ್ನು 'ಕಿಮೊಸಾಬಿ' ಎಂದು ಕರೆಯುತ್ತಿದ್ದ. ನಂಬಿಗಸ್ತ ಗೆಳೆಯ ಅಂತ ಅರ್ಥ ಎಂದು ಕಾರ್ಯಕ್ರಮದವರು ಹೇಳುತ್ತಿದ್ದರು. ಯಾವ ಬುಡಕಟ್ಟಿನ ನುಡಿಯಿಂದ ಅದನ್ನು ಹುಡುಕಿ ತಂದರು ಅಂತ ನಾನು ಗಂಭೀರವಾಗಿ ಓದಲು ಹೋದೆ. ನಿರ್ದೇಶಕ ಜಿಮ್ ಜ್ಯೂಯೆಲ್ ಅವರ ಮಾವ ಮಿಶಿಗನ್ನಿನಲ್ಲಿ ಮಕ್ಕಳ ಬೇಸಿಗೆ ಶಿಬಿರ ನಡೆಸುತ್ತಿದ್ದರಂತೆ. ಆ ಶಿಬಿರದ ಬೋರ್ಡಿನ ಮೇಲಿದ್ದ ಹೆಸರು ಅದು!

ಟೊಂಟೊ ಪೊಟವಾಟಮಿ ಬುಡಕಟ್ಟಿನವನು ಎಂದು ರೇಡಿಯೋ ಕಥೆ ಹೇಳುತ್ತದೆ. ಇದನ್ನು ಓದಿ ನಾನು ಭೂಪಟ ತೆಗೆದೆ. ಕಥೆ ನಡೆಯುವುದು ದೂರದ ಟೆಕ್ಸಾಸ್ ಕಡೆ. ಪೊಟವಾಟಮಿ ಜನರ ಮೂಲ ನೆಲ ಮಿಶಿಗನ್, ಇಂಡಿಯಾನಾ ಸುತ್ತಮುತ್ತ. ಅಂದರೆ ರೇಡಿಯೋ ಸ್ಟೇಷನ್ ಇದ್ದ ರಾಜ್ಯದಲ್ಲೇ. ಡೆಟ್ರಾಯಿಟ್ಟಿನ ಬರಹಗಾರರು ಕೈಗೆ ಹತ್ತಿರ ಸಿಕ್ಕ ಹೆಸರು ಎತ್ತಿಕೊಂಡರು ಅಂತ ಕಾಣುತ್ತದೆ. ಆ ಜನ ಯಾಕೆ ಅಲ್ಲಿ ಹೆಚ್ಚು ಉಳಿದಿರಲಿಲ್ಲ ಅನ್ನುವುದು ಬೇರೆಯೇ ಕಥೆ. 1838ರಲ್ಲಿ ಇಂಡಿಯಾನಾದ 800ಕ್ಕೂ ಹೆಚ್ಚು ಪೊಟವಾಟಮಿ ಜನರನ್ನು ಬಂದೂಕಿನ ಕಾವಲಿನಲ್ಲಿ ಕಾನ್ಸಾಸ್ ಕಡೆಗೆ ನಡೆಸಿಕೊಂಡು ಹೋದರು. ದಾರಿಯಲ್ಲಿ 40ಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಗಡಿಯ ಸಾಹಸ ಅಂದರೆ ಇದೂ ಹೌದು, ಆದರೆ ಸಂಜೆ ಏಳೂವರೆಯ ಕಾರ್ಯಕ್ರಮದಲ್ಲಿ ಇದು ಬರಲಿಲ್ಲ. ಇಷ್ಟು ತಿಳಿದ ಮೇಲೂ ನಾನು ಮುಂದಿನ ಕಂತು ಹಾಕಿಕೊಂಡೆ. ಸುಳ್ಳು ಯಾಕೆ ಹೇಳಲಿ, ಕುದುರೆ ಸದ್ದು ಶುರುವಾದರೆ ಎದೆ ಈಗಲೂ ಝುಂ ಅನ್ನುತ್ತದೆ.

ಆ ಝುಂ ಅನ್ನಿಸುವುದರಲ್ಲಿ ಅರ್ಧ ಪಾಲು ಸಂಗೀತದ್ದು. ಶುರುವಿಗೆ ಬರುವ ತುತ್ತೂರಿ ರೊಸ್ಸಿನಿ ಎಂಬ ಇಟಲಿಯವನದು, 1829ರ 'ವಿಲಿಯಂ ಟೆಲ್' ಸಂಗೀತ ನಾಟಕದ್ದು. ಸ್ವಿಟ್ಜರ್ಲೆಂಡಿನ ಬಿಲ್ಲುಗಾರನ ಕಥೆಗೆ ಮಾಡಿದ ರಾಗವನ್ನು ಟೆಕ್ಸಾಸ್ ಕುದುರೆಗೆ ಕಟ್ಟಿದರು. ಅಷ್ಟು ಹಳೆಯ ಸಂಗೀತಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಟ್ರೆಂಡಲ್ ಅವರ ಕೈ ಬಿಗಿ, ಕಿವಿ ಒಳ್ಳೆಯದು. ಕೈ ಎಷ್ಟು ಬಿಗಿ ಅಂದರೆ, 1934ರಲ್ಲಿ ಸ್ಟ್ರೈಕರ್ ಈ ಪಾತ್ರದ ಹಕ್ಕನ್ನು ಅವರಿಗೆ ಬರೆದುಕೊಟ್ಟದ್ದು 10 ಡಾಲರಿಗೆ. ಇಪ್ಪತ್ತು ವರ್ಷ ಕಳೆದು 1954ರಲ್ಲಿ ಟ್ರೆಂಡಲ್ ಅದನ್ನು ಮಾರಿದ್ದು 30 ಲಕ್ಷ ಡಾಲರಿಗೆ. ದರೋಡೆಕೋರರನ್ನು ಹುಡುಕಿಕೊಂಡು ರೇಂಜರ್ ಅಷ್ಟು ದೂರ ಹೋಗಬೇಕಿರಲಿಲ್ಲ.

ರೇಂಜರನ ದನಿ ಎಂಟು ವರ್ಷ ಅರ್ಲ್ ಗ್ರೇಸರ್ ಅವರದ್ದು. 1941ರ ಏಪ್ರಿಲ್ 8ರ ಬೆಳಗಿನ ಜಾವ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ಇನ್ನೂ 32 ವರ್ಷ. ಸ್ಟೇಷನ್ನಿನಲ್ಲಿ ಎಂಥ ಗಲಿಬಿಲಿ ಆಗಿರಬೇಕು ಯೋಚಿಸಿ. ಸಿನಿಮಾದ ನಾಯಕ ಸತ್ತರೆ ಮುಖ ಹೋಗುತ್ತದೆ, ಹೆಸರು ಉಳಿಯುತ್ತದೆ. ರೇಡಿಯೋದ ನಾಯಕನಿಗೆ ಇರುವುದೇ ದನಿ. ಮಕ್ಕಳು ವಾರಕ್ಕೆ ಮೂರು ಸಂಜೆ ಕೇಳುವ ದನಿ, ತಟ್ಟನೆ ಬೇರೆಯಾದರೆ ಗುರುತು ಹಿಡಿಯುವುದಿಲ್ಲವೇ?

ಅವರು ಮಾಡಿದ ಉಪಾಯಕ್ಕೆ ಈಗಲೂ ತಲೆದೂಗುತ್ತೇನೆ. ಕಥೆಯಲ್ಲಿ ರೇಂಜರನಿಗೆ ಬಲವಾದ ಗಾಯ ಆಯಿತು. ಕೆಲವು ಕಂತುಗಳಲ್ಲಿ ಅವನಿಗೆ ಮಾತೇ ಹೊರಡದು. ಕ್ಷೀಣವಾಗಿ ಉಸಿರಾಡುವುದು ಕೇಳುತ್ತದೆ, ಹೆಚ್ಚೆಂದರೆ ಒಂದು ಪಿಸುಮಾತು. ಕಥೆಯನ್ನು ಹೊತ್ತುಕೊಂಡು ಓಡಾಡಿದವನು ಟೊಂಟೊ. ಎಂಟು ವರ್ಷ ಕೇಳಿಸಿಕೊಳ್ಳಲೆಂದೇ ಇದ್ದವನು ಈಗ ಮಾತಾಡಬೇಕಾಯಿತು. ಅದೇ ಮುರುಕು ಇಂಗ್ಲಿಷಿನಲ್ಲೇ, ಆದರೆ ನಿರ್ಧಾರ ಅವನದು. ಗಾಯ ಮಾಗಿ ರೇಂಜರ್ ಮತ್ತೆ ಬಾಯಿ ಬಿಟ್ಟಾಗ ಆ ದನಿ ಬ್ರೇಸ್ ಬೀಮರ್ ಅವರದ್ದು. ಗ್ರೇಸರ್ ದನಿಗಿಂತ ಆಳದ್ದು. 1954ರ ಸೆಪ್ಟೆಂಬರ್ 3ರ ಕೊನೆಯ ನೇರ ಪ್ರಸಾರದವರೆಗೂ ಅವರೇ.

ನನ್ನನ್ನು ಕೇಳಿದರೆ ಇಡೀ ಸರಣಿಯಲ್ಲಿ ಆ ಪಿಸುಮಾತಿನ ದಿನಗಳೇ ಚೆನ್ನ. ಆಮೇಲೆ ಎಲ್ಲ ಮೊದಲಿನಂತೆ.

ಅದೇ ಡೆಟ್ರಾಯಿಟ್ ಸ್ಟೇಷನ್ 1938ರಲ್ಲಿ ಇನ್ನೊಂದು ಗಡಿಯ ಕಥೆ ಶುರುಮಾಡಿತು. ಈ ಸಲ ಮರಳುಗಾಡು ಅಲ್ಲ, ಹಿಮ. ಕೆನಡಾದ ಯುಕಾನ್ ಪ್ರದೇಶ. 1896ರಲ್ಲಿ ಅಲ್ಲಿಯ ಕ್ಲಾಂಡೈಕ್ ನದಿಯ ಕಡೆ ಚಿನ್ನ ಸಿಕ್ಕಿ, ಸುಮಾರು ಒಂದು ಲಕ್ಷ ಜನ ಊರು ಬಿಟ್ಟು ಹೊರಟ ಕಾಲ. ನಾಯಕ ಸಾರ್ಜೆಂಟ್ ಪ್ರೆಸ್ಟನ್, ಅಲ್ಲಿಯ ಸವಾರಿ ಪೊಲೀಸ್ ಪಡೆಯವನು. ಮತ್ತೆ ಅದೇ ಸಮಸ್ಯೆ, ಒಂಟಿ ಮನುಷ್ಯ, ಯಾರ ಜೊತೆ ಮಾತು? ಇಲ್ಲಿ ಉತ್ತರ ಇನ್ನೂ ಸರಳ. ನಾಯಿ. ಯುಕಾನ್ ಕಿಂಗ್ ಎಂಬ ಗಾಡಿ ಎಳೆಯುವ ನಾಯಿ. ಪ್ರೆಸ್ಟನ್ ಅದರ ಹತ್ತಿರ ಎಲ್ಲ ಹೇಳಿಕೊಳ್ಳುತ್ತಾನೆ, ಅದು ಬೊಗಳುತ್ತದೆ, ಕುಂಯ್ ಅನ್ನುತ್ತದೆ, ಗುರ್ರೆನ್ನುತ್ತದೆ. ಪ್ರತಿ ಕಂತಿನ ಕೊನೆಗೂ "ಸರಿ ಕಿಂಗ್, ಈ ಕೇಸು ಮುಗೀತು" ಎಂದು ಅದಕ್ಕೇ ವರದಿ ಒಪ್ಪಿಸುತ್ತಾನೆ. ನಾಯಿಯ ಪಾತ್ರ ಮಾಡಿದವರು ಸದ್ದಿನ ವಿಭಾಗದ ಡ್ಯೂಯಿ ಕೋಲ್. ದೊಡ್ಡ ಮನುಷ್ಯ, ಮೈಕಿನ ಮುಂದೆ ನಿಂತು ವರ್ಷಗಟ್ಟಲೆ ಬೊಗಳಿದರು. ಎಷ್ಟು ಚೆನ್ನಾಗಿ ಬೊಗಳಿದ್ದಾರೆ ಅಂದರೆ, ಇಯರ್‌ಫೋನ್ ಇಲ್ಲದೆ ಹಾಕಿದ ದಿನ ಪಕ್ಕದ ಮನೆಯ ನಾಯಿ ಉತ್ತರ ಕೊಟ್ಟಿತು.

ಈ ಕಾರ್ಯಕ್ರಮದ ಪ್ರಾಯೋಜಕರು ಕ್ವೇಕರ್ ಓಟ್ಸ್ ಕಂಪನಿ. ಮಾರುತ್ತಿದ್ದದ್ದು ಉಬ್ಬಿದ ಗೋಧಿ ಮತ್ತು ಉಬ್ಬಿದ ಅಕ್ಕಿ. ಉಬ್ಬಿದ ಅಕ್ಕಿ ಅಂದರೆ ಇನ್ನೇನು, ನಮ್ಮ ಮಂಡಕ್ಕಿಯ ಅಣ್ಣತಮ್ಮ. ಅದನ್ನು 'ತೋಪಿನಿಂದ ಹಾರಿಸಿದ್ದು' ಅಂತ ಜಾಹೀರಾತು ಮಾಡುತ್ತಿದ್ದರು, ಧಡಾರ್ ಎಂಬ ಸದ್ದಿನ ಸಮೇತ. ಪೂರ್ತಿ ಸುಳ್ಳೇನಲ್ಲ. 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದಲ್ಲಿ ಕೊಳವೆಯಲ್ಲಿ ಅಕ್ಕಿಯನ್ನು ಬಿಸಿ ಮಾಡಿ, ಬಾಯಿ ತೆರೆದು ಫಟಾರನೆ ಹಾರಿಸಿ ತೋರಿಸಿದ್ದರು. ದಾವಣಗೆರೆಯ ಮಂಡಕ್ಕಿ ಭಟ್ಟಿಯವರಿಗೆ ತೋಪೂ ಬೇಡ, ಕೊಳವೆಯೂ ಬೇಡ. ಕಾದ ಮರಳು ಸಾಕು.

ಈ ಮಂಡಕ್ಕಿ ಮಾರಲು 1955ರಲ್ಲಿ ಅವರು ಮಾಡಿದ್ದು ನೋಡಿ. ಯುಕಾನಿನ ಡಾಸನ್ ಊರಿನ ಹತ್ತಿರ, ನದಿ ದಂಡೆಯಲ್ಲಿ, 19.11 ಎಕರೆ ಜಮೀನನ್ನು 1,000 ಡಾಲರಿಗೆ ಕೊಂಡರು. ಅದನ್ನು ಇಂಚು ಇಂಚಾಗಿ ಹಂಚಿದರು. ಒಂದು ಡಬ್ಬಿ ಕೊಂಡರೆ ಅದರೊಳಗೆ ಒಂದು ಚದರ ಇಂಚು ಜಮೀನಿನ ಕ್ರಯಪತ್ರ! ನಂಬರು, ಸೀಲು, ಸಹಿ ಎಲ್ಲ ಉಂಟು. ಖಾಲಿ ಗೆರೆಯಲ್ಲಿ ಹುಡುಗ ತನ್ನ ಹೆಸರು ಬರೆದುಕೊಂಡರೆ ಅವನೀಗ ಯುಕಾನಿನ ಭೂಮಾಲೀಕ. ಅಂಥ 2 ಕೋಟಿ 10 ಲಕ್ಷ ಪತ್ರ ಅಚ್ಚಾದವು.

ಜಮೀನು ವಿಷಯ ಬಂದರೆ ನಾನು ಲೆಕ್ಕ ಹಾಕದೆ ಇರಲಾರೆ, ಅಪ್ಪನಿಂದ ಬಂದ ಚಾಳಿ. ನಮ್ಮ ಒಂದು ಗುಂಟೆಯಲ್ಲಿ 1,56,816 ಚದರ ಇಂಚು ಇದೆ. ಅವರು ಹಂಚಿದ ಅಷ್ಟೂ ಇಂಚು ಸೇರಿಸಿದರೆ 134 ಗುಂಟೆಯಷ್ಟಾಗುತ್ತದೆ, ಮೂರೂವರೆ ಎಕರೆಯೂ ಇಲ್ಲ. ಕಂಪನಿ ಮೋಸ ಮಾಡಲಿಲ್ಲ, ಜಾಗ ಬೇಕಾದಷ್ಟಿತ್ತು. ಆದರೆ ಆ ಪತ್ರಗಳನ್ನು ಯಾರೂ ನೋಂದಣಿ ಮಾಡಿಸಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಖಾತೆ ಆಗಲಿಲ್ಲ, ಪಹಣಿಯಲ್ಲಿ ಹೆಸರು ಏರಲಿಲ್ಲ. ನೆಲದೊಳಗಿನ ಚಿನ್ನದ ಮೇಲೂ ಹಕ್ಕಿಲ್ಲ. ಕೊನೆಗೆ ಕಂದಾಯ ಕಟ್ಟುವವರೇ ಇಲ್ಲದೆ 37 ಡಾಲರ್ 20 ಸೆಂಟ್ ಬಾಕಿ ಬಿತ್ತು. 1965ರಲ್ಲಿ ಕೆನಡಾ ಸರ್ಕಾರ ಅಷ್ಟೂ ಜಮೀನನ್ನು ವಾಪಸ್ ತೆಗೆದುಕೊಂಡಿತು.

ಮಕ್ಕಳು ಮಾತ್ರ ಇದನ್ನು ಆಟ ಅಂದುಕೊಳ್ಳಲಿಲ್ಲ. ಒಬ್ಬ ಹುಡುಗ ನಾಲ್ಕು ಹಲ್ಲುಕಡ್ಡಿ ಕಳಿಸಿದನಂತೆ, ತನ್ನ ಇಂಚಿಗೆ ಬೇಲಿ ಹಾಕಿಕೊಡಿ ಅಂತ. ನಾನು ಇದನ್ನು ಓದಿ ತುಂಬಾ ಹೊತ್ತು ನಕ್ಕೆ. ಬೇಲಿ ಅಂದ ತಕ್ಷಣ ನಮ್ಮ ತೋಟದ ಬೇಲಿಯ ಜಗಳ, ಪಕ್ಕದವರು ಪ್ರತಿ ವರ್ಷ ಒಂದು ಗೇಣು ಒತ್ತುವುದು, ಅಪ್ಪ ಸರ್ವೆಯವರನ್ನು ಕರೆಸಿದ್ದು, ಅವರು ಚೈನು ಹಿಡಿದು ಬಿಸಿಲಲ್ಲಿ ನಡೆದದ್ದು ಎಲ್ಲ ನೆನಪಾಯಿತು. ಒಂದು ಇಂಚಿಗೂ ಬೇಲಿ ಬೇಕು ಅನ್ನುವ ಆ ಹುಡುಗ ನಮ್ಮೂರಲ್ಲಿ ಹುಟ್ಟಬೇಕಿತ್ತು.

ಆ ಡಾಸನ್ ಸುತ್ತಲಿನ ನೆಲ ಟ್ರೊಂಡೆಕ್ ಹ್ವೆಚಿನ್ ಜನರದ್ದು. ಕ್ಲಾಂಡೈಕ್ ನದಿ ಬಾಯಲ್ಲಿ ಅವರ ಮೀನು ಹಿಡಿಯುವ ನೆಲೆ ಇತ್ತು. ಚಿನ್ನ ಹುಡುಕಿಕೊಂಡು ಜನ ನುಗ್ಗಿದಾಗ ಅವರ ಮುಖಂಡ ಚೀಫ್ ಐಸಾಕ್ ತಮ್ಮವರನ್ನು ಕರೆದುಕೊಂಡು ಯುಕಾನ್ ನದಿಯ ಕೆಳಹರಿವಿನ ಮೂಸ್‌ಹೈಡ್ ಎಂಬಲ್ಲಿಗೆ ಹೋಗಿ ನೆಲೆಸಿದರು. ಅವರ ಕೈಯಲ್ಲಿ ಇಂಚಿನ ಪತ್ರವೂ ಇರಲಿಲ್ಲ. ಶರಾವತಿಯ ಹಿನ್ನೀರಿನ ಪಕ್ಕದಲ್ಲಿ ಬೆಳೆದವಳು ನಾನು. ಊರು ಬಿಟ್ಟವರ ಮನೆಯಲ್ಲಿ ಪತ್ರಗಳನ್ನು ಹೇಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿರುತ್ತಾರೆ ಅಂತ ಗೊತ್ತು. ಇದಕ್ಕಿಂತ ಜಾಸ್ತಿ ಹೋಲಿಸಲು ಹೋಗುವುದಿಲ್ಲ.

ಇನ್ನೊಂದು ಉಡುಗೊರೆ ಹೇಳಿಬಿಡುತ್ತೇನೆ. 1947ರಲ್ಲಿ ಕಿಕ್ಸ್ ಎಂಬ ತಿಂಡಿಯ ಡಬ್ಬಿಯ ಮುಚ್ಚಳದ ತುಂಡಿನ ಜೊತೆ 15 ಸೆಂಟ್ ಕಳಿಸಿದರೆ 'ಲೋನ್ ರೇಂಜರ್ ಆಟಂ ಬಾಂಬ್ ಉಂಗುರ' ಬರುತ್ತಿತ್ತು. ತಮಾಷೆ ಅಲ್ಲ. ಒಳಗೆ ಒಂದು ಚೂರು ನಿಜವಾದ ಪೊಲೋನಿಯಂ. ಕತ್ತಲೆ ಕೋಣೆಯಲ್ಲಿ ಇಣುಕಿದರೆ ಸಣ್ಣ ಸಣ್ಣ ಮಿಂಚು ಕಾಣುತ್ತಿತ್ತು. ಹಿರೋಶಿಮಾ ಆಗಿ ಎರಡೇ ವರ್ಷ. ಕೊಲ್ಲಲೆಂದು ಎಂದೂ ಗುಂಡು ಹಾರಿಸದ ಮನುಷ್ಯನ ಹೆಸರಲ್ಲಿ ಅದು!

ನನ್ನ ಬಾಲ್ಯದ ರೇಡಿಯೋದಲ್ಲಿ ಇಂಥ ಉಡುಗೊರೆ ಯಾವುದೂ ಬರುತ್ತಿರಲಿಲ್ಲ. ಆಕಾಶವಾಣಿ ಭದ್ರಾವತಿ ಮಾತ್ರ ಬರುತ್ತಿತ್ತು, ಅದೂ ಮಳೆ ಇಲ್ಲದ ದಿನ. ಸೆಲ್ ಮುಗಿಯುತ್ತಾ ಬಂದರೆ ಅಣ್ಣ ಅದನ್ನು ತೆಗೆದು ಬಿಸಿಲಿಗೆ ಇಡುತ್ತಿದ್ದ. ಇನ್ನೊಂದು ನಾಟಕಕ್ಕೆ ಆಗುವಷ್ಟು ಜೀವ ಬರುತ್ತಿತ್ತು. ರಾತ್ರಿಯ ನಾಟಕದಲ್ಲಿ ಬಾಗಿಲು ಕಿರ್ ಅಂದರೆ ನಾವು ನಮ್ಮ ಬಾಗಿಲು ನೋಡುತ್ತಿದ್ದೆವು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದೂ ಆ ಲೋನ್ ರೇಂಜರ್ ದಿನಗಳಲ್ಲೇ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದ್ದರು. ಕುದುರೆ ಓಡಿಸಲು ಅವರಿಗೂ ಕರಟಕ್ಕೆ ಬರ ಇರಲಿಲ್ಲ ಅಂತ ಅಂದುಕೊಳ್ಳುತ್ತೇನೆ.

ವಾರ್ಷಿಕೋತ್ಸವಕ್ಕೆ ಮತ್ತೆ ಊರಿಗೆ ಹೋದೆ. ನಾಟಕ ಚೆನ್ನಾಗಿ ಆಯಿತು. ಕರಟದ ಸದ್ದು ಮೈಕಿನಲ್ಲಿ ಎಷ್ಟು ಜೋರಾಗಿ ಬಂತು ಅಂದರೆ ಚೆನ್ನಮ್ಮ ಕುದುರೆಯಿಂದ ಇಳಿದ ಮೇಲೂ ಕುದುರೆ ಓಡುತ್ತಲೇ ಇತ್ತು. ಅಣ್ಣನ ಮಗಳಿಗೆ ನಿಲ್ಲಿಸುವ ಮನಸ್ಸಾಗಿರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಅಮ್ಮ ಜಗಲಿಯಲ್ಲಿ ಕೂತು ಅಡಿಕೆ ಆರಿಸುತ್ತಿದ್ದಳು. ಪಕ್ಕದಲ್ಲಿ ಫೋನ್ ಇಟ್ಟು ಲೋನ್ ರೇಂಜರಿನ ಒಂದು ಕಂತು ಹಾಕಿದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ತುತ್ತೂರಿ ಬಂತು, ಕೂಗು ಬಂತು, ಯಾರೋ ಜಗಳ ಆಡಿದರು, ಎರಡು ಗುಂಡು ಹಾರಿತು. ಅಮ್ಮ ತಲೆ ಎತ್ತಲಿಲ್ಲ. ಆಮೇಲೆ ಜಲ್ಲಿಯ ಮೇಲೆ ಗೊರಸಿನ ಸದ್ದು ದೂರದಿಂದ ಹತ್ತಿರ ಬಂತು. ಅಮ್ಮನ ಕೈ ನಿಂತಿತು.

"ಯಾರದೇ ಕಥೆ ಇದು?"

"ಒಬ್ಬ ಸವಾರ ಅಮ್ಮ. ಒಂಟಿ. ಅವನ ಹೆಸರೇ ಒಂಟಿ ಸವಾರ ಅಂತ."

ಅಮ್ಮ ಇನ್ನೂ ಸ್ವಲ್ಪ ಹೊತ್ತು ಕಿವಿ ಕೊಟ್ಟಳು. ಹಾಳಾದ ಅಡಿಕೆಯೊಂದನ್ನು ಅಂಗಳಕ್ಕೆ ಎಸೆದಳು.

"ಒಂಟಿ ಅಂತೀಯಲ್ಲೇ," ಅಂದಳು. "ಎರಡು ಕುದುರೆ ಇದಾವಲ್ಲ."